ಜೂನ್, ಜುಲೈ ಖಾಲಿ: ಊರಿನ ಕಟ್ಟುಕಟ್ಟಳೆಗೆ ಯಾವ ಮಾಡೆಲ್ ಹಿಡಿಯಬೇಕು?

ಪ್ರತಿ ವರ್ಷ ಅರ್ಥಶಾಸ್ತ್ರ ಎಂ.ಎ. ಎರಡನೇ ವರ್ಷದ ಮಕ್ಕಳು ಪ್ರಾಜೆಕ್ಟಿನ ವಿಷಯ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ. ಮಂಗಳೂರು, ಉಡುಪಿ ಕಡೆಯ ಮಕ್ಕಳಿಗೆ ವಿಷಯಕ್ಕೆ ಬರ ಇಲ್ಲ. ಒಬ್ಬರಿಗೆ ಮಲ್ಪೆಯ ಬೋಟಿನ ಪಾಲಿನ ಲೆಕ್ಕ ಬೇಕು. ಒಬ್ಬರಿಗೆ ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಅಳಿಯಕಟ್ಟು. ಇನ್ನು ಕೆಲವರಿಗೆ ಬೀಡಿ ಬ್ರಾಂಚು, ಹಾಲಿನ ಸೊಸೈಟಿ, ಹೆಂಗಸರ ಚೀಟಿ. ವಿಷಯ ಹೇಳಿ ಮುಗಿಸಿದ ಮೇಲೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಮೇಡಂ, ಇದಕ್ಕೆ ಯಾವ ಮಾಡೆಲ್ ಹಾಕುವುದು?"

ಮಾಡೆಲ್ ಅಂದರೆ ಊರಿನ ಒಂದು ವ್ಯವಸ್ಥೆಯನ್ನು ಸರಳ ಮಾಡಿ ಲೆಕ್ಕಕ್ಕೆ ತಂದು ನೋಡುವ ದಾರಿ. ನಿಂತ ನಿಲುವಿನಲ್ಲಿ ಹೇಳಿ ಕಳಿಸುವ ಉತ್ತರ ಇದಕ್ಕಿಲ್ಲ. ಹೊಂದದ ಮಾಡೆಲ್ ಹಿಡಿದರೆ ನಾಲ್ಕು ತಿಂಗಳ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಅದಕ್ಕೇ ಈ ಬರಹ. ಮುಖ್ಯವಾಗಿ ಐದು ದಾರಿ ಇವೆ. ಒಂದೊಂದೂ ಯಾವಾಗ ಕೈ ಹಿಡಿಯುತ್ತದೆ, ಎಲ್ಲಿ ಕೈ ಕೊಡುತ್ತದೆ ಎಂದು ನನಗೆ ಕಂಡ ಹಾಗೆ ಹೇಳುತ್ತೇನೆ.

ಮೊದಲು ಪದದ ವಿಷಯ. ಸಾಮಾಜಿಕ ಸಂಸ್ಥೆ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಬೋರ್ಡು ಹಾಕಿದ ಕಟ್ಟಡ. ಅರ್ಥಶಾಸ್ತ್ರದಲ್ಲಿ ಆ ಪದ ಬೇರೆ ಅರ್ಥದಲ್ಲಿ ಓಡಾಡುತ್ತದೆ. 1993ರಲ್ಲಿ ನೊಬೆಲ್ ಪಡೆದ ಡಗ್ಲಾಸ್ ನಾರ್ತ್ ಸಂಸ್ಥೆಗಳನ್ನು ಆಟದ ನಿಯಮ ಎಂದರು. ಆಡುವ ತಂಡಗಳನ್ನು ಬೇರೆಯಾಗಿಯೇ ಇಟ್ಟರು. ಅವರ ಲೆಕ್ಕದಲ್ಲಿ ಬ್ಯಾಂಕು ಒಂದು ತಂಡ. ತಗೊಂಡ ಸಾಲ ತೀರಿಸಬೇಕು ಎನ್ನುವುದು ಸಂಸ್ಥೆ. ಇದಕ್ಕೆ ನಮ್ಮಲ್ಲಿ ಮೊದಲಿನಿಂದಲೂ ಒಂದು ಪದ ಉಂಟು: ಕಟ್ಟು. ಅಳಿಯಕಟ್ಟು, ಮಕ್ಕಳಕಟ್ಟು, ಕಟ್ಟುಕಟ್ಟಳೆ. ಬರೆದಿಟ್ಟದ್ದೂ ಅದರಲ್ಲಿ ಬರುತ್ತದೆ, ಬರೆಯದೇ ನಡೆದು ಬಂದದ್ದೂ ಬರುತ್ತದೆ. ಮುಂದೆ ನಾನು ಕಟ್ಟು ಅಂತಲೇ ಬರೆಯುತ್ತೇನೆ.

ಒಂದು ಚೀಟಿ ಪುಸ್ತಕ

ಹೋಲಿಸಲು ಒಂದು ಉದಾಹರಣೆ ಕೈಯಲ್ಲಿ ಇರಲಿ. ಮಲ್ಪೆ ಹತ್ತಿರ ನಮ್ಮ ಓಣಿಯಲ್ಲಿ ಒಬ್ಬರು ಅಕ್ಕ ಚೀಟಿ ನಡೆಸುತ್ತಾರೆ. 20 ಜನ ಹೆಂಗಸರು, ತಿಂಗಳಿಗೆ 1,000 ರೂಪಾಯಿ, 20 ತಿಂಗಳು. ಪ್ರತಿ ತಿಂಗಳ 5ನೇ ತಾರೀಕು ಸಂಜೆ ಅವರ ಜಗಲಿಯಲ್ಲಿ ಎಲ್ಲರೂ ಸೇರುತ್ತಾರೆ. ಮಡಚಿದ ಚೀಟಿಗಳನ್ನು ಸ್ಟೀಲ್ ಡಬ್ಬಿಗೆ ಹಾಕಿ ಕುಲುಕುತ್ತಾರೆ. ಮನೆಯ ಚಿಕ್ಕ ಮಗು ಒಂದು ಎತ್ತುತ್ತದೆ. ಹೆಸರು ಬಂದವರಿಗೆ 20,000. ಕಮಿಷನ್ ಇಲ್ಲ, ಏಲಂ ಇಲ್ಲ.

ಒಬ್ಬ ವಿದ್ಯಾರ್ಥಿನಿಯನ್ನು ಕರೆದುಕೊಂಡು ಹೋಗಿದ್ದೆ. ಅಕ್ಕ 200 ಪುಟದ ನೋಟ್‌ಬುಕ್ ತೆಗೆದು ತೋರಿಸಿದರು. ಸ್ಕೇಲು ಇಟ್ಟು ಗೆರೆ ಎಳೆದ ಚೌಕಗಳು. ಎಡಗಡೆ ಹೆಸರು, ಮೇಲೆ ತಿಂಗಳು. ದುಡ್ಡು ಬಂದಲ್ಲಿ ಕೆಂಪು ಪೆನ್ನಿನ ರೈಟ್ ಗುರುತು. ಜೂನ್ ಮತ್ತು ಜುಲೈ ಸಾಲಿನಲ್ಲಿ ಐದು ಹೆಸರಿನ ಮುಂದೆ ಮಾತ್ರ ಏನೂ ಇಲ್ಲ. ಖಾಲಿ.

"ಇವರು ಕಟ್ಟಲಿಲ್ವಾ ಅಕ್ಕಾ?" ಎಂದು ಹುಡುಗಿ ಕೇಳಿದಳು.

"ಕಟ್ಟಲಿಲ್ಲ ಅಂತ ಅಲ್ಲ ಮಗಾ. ಗಂಡಸರು ಬೋಟಿಗೆ ಹೋಗುವ ಮನೆ ಅವು. ಆ ಎರಡು ತಿಂಗಳು ಎಲ್ಲಿಂದ ಕಟ್ಟುವುದು? ಬೋಟು ಹೊರಟ ಮೇಲೆ ಕೊಡ್ತಾರೆ."

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಕಡಲಿಗೆ ಇಳಿಯಲು ನಿಷೇಧ. ಅಷ್ಟು ದಿನ ಆ ಮನೆಗಳಲ್ಲಿ ಪಾಲಿನ ದುಡ್ಡು ಬರುವುದಿಲ್ಲ. ಸೆಪ್ಟೆಂಬರಿನ ಚೌಕ ನೋಡಿದರೆ ಅದೇ ಐದು ಹೆಸರಿನ ಮುಂದೆ ಮೂರು ಮೂರು ರೈಟ್ ಗುರುತು.

ಹಾಗಾದರೆ ಜೂನಿನಲ್ಲಿ ಚೀಟಿ ಬಂದವರಿಗೆ 15,000 ಮಾತ್ರ ಸಿಗುತ್ತದಲ್ಲ? ಅದಕ್ಕೂ ಅವರಲ್ಲಿ ದಾರಿ ಇತ್ತು. ಆ ಎರಡು ತಿಂಗಳು ಚೀಟಿ ಎತ್ತುವುದೇ ಇಲ್ಲ. ಅರ್ಜೆಂಟ್ ಇಲ್ಲದವರು ಒಬ್ಬರು ತಾವಾಗಿ ಮುಂದೆ ಬಂದು 15,000 ತಗೊಳ್ಳುತ್ತಾರೆ, ಉಳಿದ 5,000 ಸೆಪ್ಟೆಂಬರಿನಲ್ಲಿ. ಹಾಗೆ ಮಾಡಿದವರಿಗೆ ಮುಂದಿನ ಚೀಟಿಯಲ್ಲಿ ಕಷ್ಟ ಬಂದರೆ ಎತ್ತದೆಯೇ ಮೊದಲು ಕೊಡುತ್ತಾರೆ. ಇದು ಯಾವುದೂ ಪುಸ್ತಕದಲ್ಲಿ ಬರೆದಿಲ್ಲ.

ಆ ಖಾಲಿ ಚೌಕ ನೆನಪಿಡಿ. ಮಾಡೆಲ್ ಬದಲಾದರೆ ಅದನ್ನು ಓದುವ ರೀತಿಯೂ ಬದಲಾಗುತ್ತದೆ.

ಕಟ್ಟನ್ನು ನಿಯಮ ಎಂದು ಹಿಡಿಯುವುದು

ಎಲ್ಲಕ್ಕಿಂತ ಸುಲಭದ ದಾರಿ ಇದು. ನಿಯಮ ಹೊರಗಿನಿಂದ ಬಂದದ್ದು, ಗಟ್ಟಿಯಾಗಿ ಇದೆ ಎಂದುಕೊಳ್ಳಿ. ಅದರೊಳಗೆ ಮನುಷ್ಯರು ತಮಗೆ ಒಳ್ಳೆಯದಾದದ್ದನ್ನು ಆರಿಸುತ್ತಾರೆ ಎಂದು ಲೆಕ್ಕ ಹಾಕಿ.

ಚೀಟಿಯ ಬಗ್ಗೆ ಈ ದಾರಿಯಲ್ಲಿ ಬಂದ ಹೆಸರಾದ ಲೇಖನ 1993ರದ್ದು. ಟಿಮ್ ಬೆಸ್ಲಿ, ಸ್ಟೀಫನ್ ಕೋಟ್, ಗ್ಲೆನ್ ಲೌರಿ ಬರೆದದ್ದು. ಅದರ ಒಳಗಿನ ವಿಚಾರ ಎಷ್ಟು ಚಂದ ನೋಡಿ. 20,000 ರೂಪಾಯಿಯ ಹೊಲಿಗೆ ಮಿಷನ್ ಬೇಕು. ಒಬ್ಬಳೇ ತಿಂಗಳಿಗೆ 1,000 ಇಟ್ಟರೆ 20ನೇ ತಿಂಗಳಲ್ಲಿ ಮಿಷನ್ ಬರುತ್ತದೆ. 20 ಜನ ಸೇರಿ ಚೀಟಿ ಹಾಕಿದರೆ ಒಬ್ಬಳಿಗೆ ಮೊದಲ ತಿಂಗಳೇ ಬರುತ್ತದೆ, ಒಬ್ಬಳಿಗೆ 20ನೇ ತಿಂಗಳಿಗೆ. ಸರಾಸರಿ ಹತ್ತೂವರೆ ತಿಂಗಳು. ಕೊನೆಯವಳಿಗೂ ಒಬ್ಬಳೇ ಕೂಡಿಟ್ಟದ್ದಕ್ಕಿಂತ ತಡ ಆಗಲಿಲ್ಲ. ಯಾರಿಗೂ ನಷ್ಟ ಇಲ್ಲ, ಹತ್ತೊಂಬತ್ತು ಜನರಿಗೆ ಲಾಭ. ಎಲ್ಲರೂ ಒಂದೇ ತರಹದ ಸ್ಥಿತಿಯವರಾದರೆ ಏಲಂ ಕೂಗುವುದಕ್ಕಿಂತ ಹೀಗೆ ಎತ್ತುವುದೇ ಮೇಲು, ಅವಸರ ಒಬ್ಬೊಬ್ಬರಿಗೆ ಒಂದೊಂದು ತರಹ ಇದ್ದರೆ ಏಲಂ ಮೇಲಾಗಬಹುದು ಎಂದೂ ಅವರು ತೋರಿಸಿದರು. ಇದನ್ನು ಅಕ್ಕನಿಗೆ ಹೇಳಿದಾಗ ಅವರಿಗೆ ಅದು ಹೊಸ ವಿಷಯ ಅನ್ನಿಸಲೇ ಇಲ್ಲ.

ಇದೇ ಗುಂಪಿನಲ್ಲಿ ವ್ಯವಹಾರದ ವೆಚ್ಚದ ವಿಚಾರವೂ ಬರುತ್ತದೆ. ರೊನಾಲ್ಡ್ ಕೋಸ್ 1937ರಲ್ಲಿ ಒಂದು ಪ್ರಶ್ನೆ ಎತ್ತಿದರು. ಮಾರುಕಟ್ಟೆ ಅಷ್ಟು ಚೆನ್ನಾಗಿ ನಡೆಯುವುದಾದರೆ ಕಂಪನಿಗಳು ಎಂತಕ್ಕೆ ಬೇಕು? ಹುಡುಕುವುದು, ಚೌಕಾಸಿ ಮಾಡುವುದು, ಮಾತು ಉಳಿಸಿಕೊಂಡರಾ ಅಂತ ನೋಡುವುದು, ಇದಕ್ಕೆಲ್ಲ ಖರ್ಚು ಉಂಟು ಎಂಬುದೇ ಉತ್ತರ. ಆಲಿವರ್ ವಿಲಿಯಮ್ಸನ್ ಅದನ್ನು ಬೆಳೆಸಿದರು. ಬೋಟಿನಲ್ಲಿ ಸಂಬಳದ ಬದಲು ಪಾಲು ಎಂತಕ್ಕೆ ಎಂಬ ಪ್ರಶ್ನೆಗೆ ಈ ಮಾಡೆಲ್ ಚೆನ್ನಾಗಿ ಹೊಂದುತ್ತದೆ. ನಡುಗಡಲಿನಲ್ಲಿ ಯಾರು ಎಷ್ಟು ಬಲೆ ಎಳೆದರು ಎಂದು ದಡದಲ್ಲಿರುವ ಮಾಲೀಕರಿಗೆ ಕಾಣುವುದಿಲ್ಲ. ಮೀನು ಸಿಗುವುದು ಬಿಡುವುದು ಯಾರ ಕೈಯಲ್ಲೂ ಇಲ್ಲ. ಡೀಸೆಲ್, ಐಸ್, ರೇಷನ್ ಖರ್ಚು ಕಳೆದು ಉಳಿದದ್ದನ್ನು ಮಾಲೀಕರು, ಬೋಟು ನಡೆಸುವ ತಾಂಡೇಲ, ಉಳಿದ ಕೆಲಸದವರು ಹಂಚಿಕೊಂಡರೆ ದುಡಿಯುವ ಮನಸ್ಸೂ ಬರುತ್ತದೆ, ನಷ್ಟದ ಭಾರವೂ ಹಂಚಿಹೋಗುತ್ತದೆ.

ಈ ದಾರಿಗೆ ಆ ಖಾಲಿ ಚೌಕ ಹೇಗೆ ಕಾಣುತ್ತದೆ? ಒಪ್ಪಂದದ ಒಂದು ಷರತ್ತಿನ ಹಾಗೆ. ಜೂನ್, ಜುಲೈಯಲ್ಲಿ ಮೀನುಗಾರರ ಮನೆಗೆ ರಿಯಾಯಿತಿ. ಅಲ್ಲಿಗೆ ಲೆಕ್ಕ ಸರಿ. ಆದರೆ ಆ ಷರತ್ತು ಎಲ್ಲಿಂದ ಬಂತು, ಯಾರು ಕಾಯುತ್ತಾರೆ ಎಂಬುದಕ್ಕೆ ಇಲ್ಲಿ ಉತ್ತರ ಇಲ್ಲ.

ಹಾಗಾಗಿ ನಿಯಮ ಕಾಯಲು ಹೊರಗೆ ಯಾರಾದರೂ ಇದ್ದಲ್ಲಿ ಇದನ್ನು ಹಿಡಿಯಿರಿ. ನೋಂದಾಯಿತ ಚಿಟ್ ಕಂಪನಿ ಒಳ್ಳೆಯ ಉದಾಹರಣೆ. ಅದಕ್ಕೆ 1982ರ ಚಿಟ್ ಫಂಡ್ ಕಾಯ್ದೆ ಉಂಟು. ನಡೆಸುವವರ ಕಮಿಷನ್ನಿಗೆ ಮಿತಿ ಉಂಟು. 2019ರ ತಿದ್ದುಪಡಿಯಲ್ಲಿ ಅದನ್ನು ಶೇಕಡಾ 5ರಿಂದ 7ಕ್ಕೆ ಏರಿಸಿದರು. ಚಿಟ್ ಎತ್ತಿದವರು ಜಾಮೀನು ಕೊಡಬೇಕು. ತಪ್ಪಿದರೆ ಕಾನೂನಿನ ದಾರಿ ಉಂಟು. ಅಕ್ಕನ ಜಗಲಿಯಲ್ಲಿ ಇದು ಯಾವುದೂ ಇಲ್ಲ.

ಕಟ್ಟನ್ನು ಆಟ ಎಂದು ಹಿಡಿಯುವುದು

ಮೊದಲ ತಿಂಗಳೇ 20,000 ತಗೊಂಡವಳು ಆಗ ಕಟ್ಟಿರುವುದು 1,000 ಮಾತ್ರ. ಇನ್ನೂ 19,000 ಬಾಕಿ. ನಾಳೆಯಿಂದ ಕಟ್ಟದಿದ್ದರೆ? ಪತ್ರ ಇಲ್ಲ, ಜಾಮೀನು ಇಲ್ಲ. ಆದರೂ ಕಟ್ಟುತ್ತಾಳೆ. ಎಂತಕ್ಕೆ?

ಸಾಮಾನ್ಯವಾಗಿ ಮಾಡೆಲ್ ಬರೆಯುವವರು ಇಲ್ಲಿ ಒಂದು ಅಕ್ಷರ ಹಾಕಿಬಿಡುತ್ತಾರೆ. ನಾವು ಅದನ್ನು 'ಮ' ಎಂದು ಇಟ್ಟುಕೊಳ್ಳೋಣ, ಮರ್ಯಾದೆಯ ಮ. 'ಮ'ದ ಬೆಲೆ 19,000ಕ್ಕಿಂತ ಜಾಸ್ತಿ ಇದ್ದರೆ ಕಟ್ಟುತ್ತಾಳೆ, ಇಲ್ಲದಿದ್ದರೆ ಇಲ್ಲ. ಗಣಿತ ಮುಗಿಯಿತು. ನಾವು ತಿಳಿಯಲು ಹೊರಟದ್ದು ಮಾತ್ರ ಆ ಅಕ್ಷರದ ಒಳಗೇ ಉಳಿದುಬಿಟ್ಟಿತು. ಕಟ್ಟುಕಟ್ಟಳೆಯನ್ನು ಮಾಡೆಲ್ ಮಾಡುವುದರಲ್ಲಿ ಇರುವ ದೊಡ್ಡ ಕಷ್ಟ ಇದು ಎಂದು ನನಗೆ ಅನ್ನಿಸುತ್ತದೆ. ವಿದ್ಯಾರ್ಥಿಗಳಿಗೆ ಪ್ರತಿ ಸಲ ಇಲ್ಲಿಯೇ ತಡೆದು ನಿಲ್ಲಿಸಿ ತೋರಿಸುತ್ತೇನೆ.

ಆಟದ ಸಿದ್ಧಾಂತ (ಗೇಮ್ ಥಿಯರಿ), ಅಂದರೆ ಇನ್ನೊಬ್ಬರು ಏನು ಮಾಡಬಹುದು ಎಂದು ನೋಡಿಕೊಂಡು ಒಬ್ಬೊಬ್ಬರು ಹೇಗೆ ನಡೆಯುತ್ತಾರೆ ಎಂಬ ಗಣಿತ, ಆ ಅಕ್ಷರವನ್ನು ಬಿಡಿಸಲು ನೋಡುತ್ತದೆ. ಇಲ್ಲಿ ಕಟ್ಟು ಹೊರಗಿನಿಂದ ಬಂದದ್ದಲ್ಲ. ಎಲ್ಲರೂ ಪಾಲಿಸುತ್ತಾರೆ ಎಂದು ಎಲ್ಲರೂ ನಂಬಿದಾಗ, ನನಗೂ ಪಾಲಿಸುವುದೇ ಒಳ್ಳೆಯದು ಅನ್ನಿಸುವ ಸ್ಥಿತಿ ಅದು. ಈ ಚೀಟಿ ಮುಗಿದ ಮೇಲೆ ಇನ್ನೊಂದು ಚೀಟಿ ಉಂಟು. ಕೈಕೊಟ್ಟವಳನ್ನು ಅದಕ್ಕೆ ಸೇರಿಸುವುದಿಲ್ಲ. ಮದುವೆಗೆ ಕೈಸಾಲ, ಆಸ್ಪತ್ರೆಗೆ ಜೊತೆ, ಮಗುವನ್ನು ಒಂದು ಗಂಟೆ ನೋಡಿಕೊಳ್ಳುವುದು, ಎಲ್ಲವೂ ಅದೇ 20 ಮನೆಗಳ ನಡುವೆ ನಡೆಯುವುದು. ಒಂದರಲ್ಲಿ ತಪ್ಪಿದರೆ ಎಲ್ಲದರಲ್ಲೂ ಹೋಯಿತು.

ಈ ದಾರಿಯಲ್ಲಿ ಹೆಸರಾದ ಕೆಲಸ ಅವ್ನರ್ ಗ್ರೈಫ್ ಅವರದ್ದು. 11ನೇ ಶತಮಾನದಲ್ಲಿ ಉತ್ತರ ಆಫ್ರಿಕಾದ ಮಗ್ರಿಬಿ ಯಹೂದಿ ವ್ಯಾಪಾರಿಗಳು ದೂರದ ಊರಿನ ಏಜೆಂಟರ ಕೈಯಲ್ಲಿ ಸರಕು ಬಿಟ್ಟು ಹೇಗೆ ನಂಬಿದರು ಎಂದು ಅವರು ಕೇಳಿದರು. ಒಬ್ಬನಿಗೆ ಮೋಸ ಮಾಡಿದ ಏಜೆಂಟನಿಗೆ ಯಾರೂ ಕೆಲಸ ಕೊಡುತ್ತಿರಲಿಲ್ಲ ಎಂಬುದು ಅವರ ಉತ್ತರ. ಆಧಾರ ಹಳೆಯ ಕೈರೋದ ಪ್ರಾರ್ಥನಾ ಮಂದಿರವೊಂದರಲ್ಲಿ ಉಳಿದುಬಂದ ಕಾಗದ ಪತ್ರಗಳು. ನಮ್ಮ ಊರಿನ ಮಕ್ಕಳಿಗೆ ಇದನ್ನು ಹೇಳುವಾಗ ನನಗೆ ರೋಮಾಂಚನ ಆಗುತ್ತದೆ. ಯಾಕೆಂದರೆ ಅದೇ ಕಾಗದಗಳ ರಾಶಿಯಲ್ಲಿ ಮಂಗಳೂರೂ ಇದೆ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿ ಮಂಗಳೂರಿನಲ್ಲಿ ಎಷ್ಟೋ ವರ್ಷ ನೆಲೆಸಿದ್ದ. ಅವನ ಪರವಾಗಿ ಯೆಮನ್ ಕರಾವಳಿಯ ಏಡನ್‌ಗೆ ಹೋಗಿ ವ್ಯಾಪಾರ ಮಾಡಿ ಬರುತ್ತಿದ್ದ ಆಳಿನ ಹೆಸರನ್ನು ವಿದ್ವಾಂಸರು ಬೊಮ್ಮ ಎಂದು ಓದಿದ್ದಾರೆ. ಸಮುದ್ರದ ಆಚೆ ದುಡ್ಡು ಕಳಿಸಿ, ಅದು ವಾಪಸ್ ಬರುತ್ತದೆಂದು ನಂಬಿ ಕೂರುವ ಸಮಸ್ಯೆ ನಮ್ಮ ಬಂದರಿಗೆ ಹೊಸದಲ್ಲ.

ಗ್ರೈಫ್ ಅವರ ಓದು ಸರಿಯಲ್ಲ ಎಂದು ಜೆರೆಮಿ ಎಡ್ವರ್ಡ್ಸ್ ಮತ್ತು ಶೀಲಾ ಓಗಿಲ್ವಿ 2012ರಲ್ಲಿ ವಾದಿಸಿದರು. ಆ ವ್ಯಾಪಾರಿಗಳು ನ್ಯಾಯಾಲಯಕ್ಕೂ ಹೋಗುತ್ತಿದ್ದರು ಎಂಬುದು ಅವರ ಮಾತು. ಗ್ರೈಫ್ ಅದಕ್ಕೆ ಉತ್ತರ ಕೊಟ್ಟರು. ಎರಡು ಕಡೆಯವರೂ ನೋಡಿದ್ದು ಅದೇ ಕಾಗದಗಳನ್ನು. ಮಾಡೆಲ್ ಮೊದಲು ತಲೆಯಲ್ಲಿ ಕೂತರೆ ಕಾಗದವೂ ಅದರ ಹಾಗೆಯೇ ಕಾಣಲು ಶುರುವಾಗುತ್ತದೆ. ನೀವು ಹುಷಾರಾಗಿರಬೇಕಾದ ಜಾಗ ಇದು.

ಇನ್ನೊಂದು ತೊಂದರೆ ಗಣಿತದ್ದೇ. ಮತ್ತೆ ಮತ್ತೆ ಆಡುವ ಆಟದಲ್ಲಿ, ಜನರಿಗೆ ತಾಳ್ಮೆ ಇದ್ದರೆ, ಲೆಕ್ಕವಿಲ್ಲದಷ್ಟು ಫಲಿತಾಂಶಗಳು ಸಮತೋಲನವಾಗಿ, ಅಂದರೆ ತಾನೊಬ್ಬನೇ ಬದಲಾದರೆ ಯಾರಿಗೂ ಲಾಭ ಇಲ್ಲದ ಸ್ಥಿತಿಯಾಗಿ, ನಿಲ್ಲುತ್ತವೆ. ಇದಕ್ಕೆ ಫೋಕ್ ಥಿಯರಮ್ ಎನ್ನುತ್ತಾರೆ. ಎಲ್ಲರೂ ಕಟ್ಟುವುದೂ ಸಮತೋಲನ, ಯಾರೂ ಕಟ್ಟದಿರುವುದೂ ಸಮತೋಲನ. ಜೂನಿನಲ್ಲಿ ರಿಯಾಯಿತಿ ಕೊಡುವುದೂ ನಿಲ್ಲುತ್ತದೆ, ಕೊಡದಿರುವುದೂ ನಿಲ್ಲುತ್ತದೆ. ಈ ಓಣಿಯಲ್ಲಿ ಇದೇ ಎಂತಕ್ಕೆ ನಿಂತಿತು ಎಂದು ಮಾಡೆಲ್ ಹೇಳುವುದಿಲ್ಲ.

ಅಕ್ಕನ ಒಂದು ಮಾತು ಇಲ್ಲಿ ಹೇಳಲೇಬೇಕು. ತಡ ಮಾಡಿದವರಿಗೆ 50 ರೂಪಾಯಿ ದಂಡ ಇಡಬಹುದಲ್ಲ ಎಂದು ನಮ್ಮ ಹುಡುಗಿ ಕೇಳಿದಳು. ಅಕ್ಕ ತಲೆ ಅಲ್ಲಾಡಿಸಿದರು. "ದಂಡ ಇಟ್ಟರೆ, ದಂಡ ಕಟ್ಟಿದರಾಯ್ತಲ್ಲ ಅಂತ ಆಗ್ತದೆ. ಈಗ ಮುಖ ನೋಡಲಿಕ್ಕೆ ನಾಚಿಕೆ ಆಗ್ತದೆ, ಅದೇ ಸಾಕು." ಯೂರಿ ನೀಜಿ ಮತ್ತು ಆಲ್ಡೊ ರುಸ್ಟಿಕಿನಿ 2000ದಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಕಂಡಿತ್ತು. ಇಸ್ರೇಲಿನ ಹೈಫಾದ 10 ಶಿಶುವಿಹಾರಗಳಲ್ಲಿ ನಡೆದದ್ದು. ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆ ತಾಯಿಗೆ 6 ಕಡೆ ದಂಡ ಹಾಕಿದರು. ತಡವಾಗಿ ಬರುವವರು ಕಡಿಮೆ ಆಗಲಿಲ್ಲ, ಜಾಸ್ತಿ ಆದರು. ದಂಡ ತೆಗೆದ ಮೇಲೂ ಮೊದಲಿನ ಸ್ಥಿತಿಗೆ ಬರಲಿಲ್ಲ. 'ಮ'ದ ಮೇಲೆ 50 ರೂಪಾಯಿ ಸುಮ್ನೆ ಕೂಡಿಸಿದರೆ ಲೆಕ್ಕ ತಪ್ಪುತ್ತದೆ. ದಂಡ ಬಂದ ಕೂಡಲೇ 'ಮ' ತಾನೇ ಬದಲಾಗುತ್ತದೆ.

ಫೋನಿನಲ್ಲಿ ದುಡ್ಡು ಕಳಿಸುವುದು ಬಂದ ಮೇಲೂ ಹೀಗೇ ಆಯಿತು. ಕೆಲವರು ಜಗಲಿಗೆ ಬರುವುದನ್ನು ಬಿಟ್ಟರು. ದುಡ್ಡು ಸರಿಯಾಗಿ ಬರುತ್ತಿದ್ದರೂ ಅಕ್ಕನಿಗೆ ಸಮಾಧಾನ ಇರಲಿಲ್ಲ. ದುಡ್ಡು ಫೋನಿನಲ್ಲಿ ಹಾಕಿ, ಆದರೆ 5ನೇ ತಾರೀಕು ಬರಲೇಬೇಕು ಎಂದರು. ಮುಖ ನೋಡದಿದ್ದರೆ ಚೀಟಿ ಉಳಿಯುವುದಿಲ್ಲ ಎಂದು ಅವರಿಗೆ ಗೊತ್ತು. ರಾಬರ್ಟ್ ಲೂಕಾಸ್ 1976ರಲ್ಲಿ ಸರ್ಕಾರದ ನೀತಿಯ ಬಗ್ಗೆ ಎತ್ತಿದ ಆಕ್ಷೇಪ ಇದರ ಹತ್ತಿರದ್ದು. ನಿಯಮ ಬದಲಾದರೆ ಜನರ ನಡವಳಿಕೆಯೂ ಬದಲಾಗುತ್ತದೆ. ಹಳೆಯ ಅಂಕಿಗಳನ್ನು ಹೊಸ ನಿಯಮಕ್ಕೆ ಹಾಗೆಯೇ ಹೊಂದಿಸುವಂತಿಲ್ಲ.

ಇಷ್ಟೆಲ್ಲ ತೊಂದರೆ ಇದ್ದರೂ, ಒಳಗಿನವರೇ ಕಾಯುವ ಕಟ್ಟಿಗೆ ನಾನು ಮೊದಲು ಹಿಡಿಯುವುದು ಆಟದ ಮಾಡೆಲನ್ನೇ. ಇದು ನಿಮ್ಮಿಂದ ಸರಿಯಾದ ಪ್ರಶ್ನೆ ಕೇಳಿಸುತ್ತದೆ. ತಪ್ಪಿದವರನ್ನು ಯಾರು ಗಮನಿಸುತ್ತಾರೆ? ಗಮನಿಸಿದವರು ಏನು ಮಾಡುತ್ತಾರೆ? ಹಾಗೆ ಮಾಡಿದರೆ ಅವರಿಗೇನು ಬರುತ್ತದೆ? ಖಾಲಿ ಚೌಕದ ಓದೂ ಆಗ ಸರಿಹೋಗುತ್ತದೆ. ಅದನ್ನು ತಪ್ಪು ಎಂದು ಯಾರೂ ಎಣಿಸುವುದಿಲ್ಲ, ಹಾಗಾಗಿ ಅಲ್ಲಿ ಶಿಕ್ಷೆಯೂ ಇಲ್ಲ.

ಅಂಕಿಅಂಶದ ದಾರಿ

ಮಕ್ಕಳಿಗೆ ಇದರ ಮೇಲೆ ಪ್ರೀತಿ ಜಾಸ್ತಿ. ಸಾಫ್ಟ್‌ವೇರ್ ಇದೆ, ಟೇಬಲ್ ಬರುತ್ತದೆ, ಫಲಿತಾಂಶ ಆಕಸ್ಮಿಕ ಇರಲಿಕ್ಕಿಲ್ಲ ಎನ್ನುವ ನಕ್ಷತ್ರ ಗುರುತು ಬರುತ್ತದೆ. ಕಟ್ಟನ್ನು 0 ಅಥವಾ 1 ಎಂದು ಬರೆದು ರಿಗ್ರೆಷನ್ (ಒಂದರ ಜೊತೆ ಇನ್ನೊಂದು ಎಷ್ಟು ಬದಲಾಗುತ್ತದೆ ಎಂದು ಅಳೆಯುವ ಲೆಕ್ಕ) ಓಡಿಸುತ್ತಾರೆ.

ದೊಡ್ಡ ಪ್ರಶ್ನೆಗೆ ಈ ದಾರಿಯೇ ಬೇಕು, ಅದರಲ್ಲಿ ಅನುಮಾನ ಇಲ್ಲ. ಅಸೆಮೊಗ್ಲು, ಜಾನ್ಸನ್, ರಾಬಿನ್ಸನ್ 2001ರಲ್ಲಿ ವಸಾಹತುಗಳಾಗಿದ್ದ 64 ದೇಶಗಳನ್ನು ತೆಗೆದುಕೊಂಡರು. ಎಲ್ಲಿ ಯುರೋಪಿನವರು ರೋಗದಿಂದ ಹೆಚ್ಚು ಸತ್ತರೋ ಅಲ್ಲಿ ಅವರು ನೆಲೆಸಲಿಲ್ಲ, ದೋಚುವ ವ್ಯವಸ್ಥೆ ಮಾತ್ರ ಕಟ್ಟಿದರು, ಅದರ ಫಲ ಇಂದಿನ ಆದಾಯದಲ್ಲೂ ಕಾಣುತ್ತದೆ ಎಂದರು. 2024ರಲ್ಲಿ ಆ ಮೂವರಿಗೂ ನೊಬೆಲ್ ಬಂತು. ಆದರೆ ಡೇವಿಡ್ ಆಲ್ಬೌಯ್ 2012ರಲ್ಲಿ ಅದರ ಅಂಕಿಗಳನ್ನು ಒಂದೊಂದಾಗಿ ನೋಡಿದಾಗ, 64ರಲ್ಲಿ 36 ದೇಶಗಳ ಸಾವಿನ ಪ್ರಮಾಣ ಬೇರೆ ದೇಶದಿಂದ ತಂದು ಹಾಕಿದ್ದು ಎಂದು ತೋರಿಸಿದರು. ಅಷ್ಟು ದೊಡ್ಡವರ ಕೆಲಸದಲ್ಲೂ ವಾದ ನಿಂತದ್ದು ಟೇಬಲ್ಲಿನ ಮೊದಲ ಕಾಲಂ ಹೇಗೆ ತುಂಬಿತು ಎಂಬುದರ ಮೇಲೆ.

ನಮ್ಮ ಕರಾವಳಿಯಲ್ಲೇ ಇದರ ಪಾಠ ಉಂಟು. ಅಭಿಜಿತ್ ಬ್ಯಾನರ್ಜಿ ಮತ್ತು ಲಕ್ಷ್ಮೀ ಅಯ್ಯರ್ 2005ರಲ್ಲಿ ಬ್ರಿಟಿಷರ ಕಾಲದ ಭೂಕಂದಾಯ ಪದ್ಧತಿಗಳನ್ನು ಹೋಲಿಸಿದರು. ಜಮೀನ್ದಾರಿ ಇದ್ದ ಜಿಲ್ಲೆಗಳು ಸ್ವಾತಂತ್ರ್ಯ ಬಂದ ಮೇಲೂ ಕೃಷಿಯಲ್ಲಿ ಹಿಂದೆ ಬಿದ್ದವು ಎಂದು ಕಂಡರು. ಒಳ್ಳೆಯ ಕೆಲಸ. ಈಗ ನೀವು ಅದೇ ರೀತಿ ದಕ್ಷಿಣ ಕನ್ನಡಕ್ಕೆ ಅಂಕಿ ಹಾಕಬೇಕು ಎಂದುಕೊಳ್ಳಿ. 1799ರಲ್ಲಿ ಇದು ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಥಾಮಸ್ ಮನ್ರೋ ಇಲ್ಲಿ ಕಲೆಕ್ಟರ್ ಆಗಿದ್ದರು. ಆಮೇಲೆ ಮದ್ರಾಸ್ ಪ್ರಾಂತ್ಯದ ಜಿಲ್ಲೆ. ಕಾಗದದಲ್ಲಿ ರೈತವಾರಿ, ನಡುವೆ ಜಮೀನ್ದಾರ ಇಲ್ಲ. ಸರಿ, 0 ಎಂದು ಬರೆಯುವುದಾ?

ಹಳೆಯವರನ್ನು ಕೇಳಿ ನೋಡಿ. ಸರ್ಕಾರಕ್ಕೆ ಕಂದಾಯ ಕಟ್ಟುವವರು ವರ್ಗದಾರರು. ಅವರ ಕೆಳಗೆ ಮೂಲಗೇಣಿಯವರು, ಗೇಣಿ ಬದಲಾಗದು, ಮಕ್ಕಳಿಗೂ ಹೋಗುತ್ತದೆ. ಅದರ ಕೆಳಗೆ ಚಾಲಗೇಣಿಯವರು, ಯಾವಾಗ ಬೇಕಾದರೂ ಬಿಡಿಸಬಹುದು. ಗದ್ದೆಯಲ್ಲಿ ಕಾಲು ಇಟ್ಟು ದುಡಿದವರು ಹೆಚ್ಚಾಗಿ ಕೊನೆಯವರು. ಇದೆಲ್ಲ ಸೇರಿ ಒಂದು 0. 1974ರ ಮಾರ್ಚ್ 1ರಿಂದ ಜಾರಿಗೆ ಬಂದ, ಗೇಣಿದಾರರಿಗೆ ಭೂಮಿಯ ಹಕ್ಕು ಕೊಟ್ಟ ಭೂಸುಧಾರಣೆ ತಿದ್ದುಪಡಿ ಇಲ್ಲಿ ಮನೆ ಮನೆಯ ಕಥೆ ಆದದ್ದು ಎಂತಕ್ಕೆ ಎಂದು ಆ ಸೊನ್ನೆ ನಿಮಗೆ ಹೇಳಲಾರದು. ಆ ಹಕ್ಕಿಗೆ ಹಾಕಿದ ಅರ್ಜಿಗೆ ಹೇಳುವ ಡಿಕ್ಲರೇಷನ್ ಎಂಬ ಇಂಗ್ಲಿಷ್ ಪದ ನಮ್ಮ ಹಳ್ಳಿಗಳಲ್ಲಿ ಓದು ಬಾರದವರ ಬಾಯಲ್ಲೂ ಕೂತಿದೆ. ಅಷ್ಟು ಆಳದ ವಿಷಯ ಅದು.

ಚೀಟಿ ಪುಸ್ತಕವನ್ನು ಎಕ್ಸೆಲ್‌ಗೆ ಹಾಕಿ ನೋಡಿ. ಜೂನ್, ಜುಲೈಯ ಆ 10 ಚೌಕಗಳು 10 ಬಾಕಿ ಎಂದು ಬೀಳುತ್ತವೆ. ಬೋಟಿಗೆ ಹೋಗುವ ಮನೆಯವರು ಸಾಲ ತೀರಿಸುವುದರಲ್ಲಿ ಹಿಂದೆ ಎಂಬ ಫಲಿತಾಂಶ ನಕ್ಷತ್ರ ಗುರುತಿನ ಜೊತೆ ಬರುತ್ತದೆ. ಅದು ಸುಳ್ಳು. ಒಂದು ಸಮುದಾಯದ ಹೆಸರಿಗೆ ಹೀಗೆ ಮಸಿ ಬಳಿಯುವ ಟೇಬಲ್ ನಮ್ಮ ಕೈಯಿಂದ ಹೊರಗೆ ಹೋಗಬಾರದು. ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಏರುತ್ತದೆ, ಏರಲಿ.

ಇನ್ನೊಂದು ವಿಷಯ ಮಕ್ಕಳು ಬಹಳ ಇಷ್ಟಪಡುತ್ತಾರೆ: ನಮ್ಮ ಕರಾವಳಿಯಲ್ಲಿ ಇಷ್ಟು ಬ್ಯಾಂಕುಗಳು ಎಂತಕ್ಕೆ ಹುಟ್ಟಿದವು? 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್. 1924ರಲ್ಲಿ ಕರ್ನಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಸಿಂಡಿಕೇಟ್ 1928ರಲ್ಲೇ ಪಿಗ್ಮಿ ಶುರು ಮಾಡಿ ಮನೆ ಬಾಗಿಲಿಗೆ ಬಂದು ಪುಡಿಗಾಸು ಸಂಗ್ರಹಿಸಿತು. ವಿಷಯ ಬಂಗಾರದಂಥದ್ದು. ಆದರೆ ರಿಗ್ರೆಷನ್ ಹಾಕಲು ಹೋಗಬೇಡಿ. ಒಂದೇ ಪ್ರದೇಶ, ಐದು ಬ್ಯಾಂಕು. ಸಮುದಾಯ, ವಿದ್ಯೆ, ಬಂದರು, ಅಡಿಕೆ ವ್ಯಾಪಾರ, ಸ್ವದೇಶಿ ಚಳವಳಿಯ ಕಾಲ, ಎಲ್ಲವೂ ಒಟ್ಟಿಗೇ ಇದ್ದವು. ಯಾವುದರಿಂದ ಯಾವುದಾಯಿತು ಎಂದು ಅಂಕಿ ಬಿಡಿಸಿ ಹೇಳಲಾರದು. ಹಳೆಯ ಲೆಕ್ಕಪತ್ರ, ಪತ್ರವ್ಯವಹಾರ ಸಿಕ್ಕಿದರೆ ಇತಿಹಾಸ ಬರೆಯಿರಿ.

ಕಂಪ್ಯೂಟರಿನಲ್ಲಿ ಊರು ಕಟ್ಟುವುದು

ಇದರ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಥಾಮಸ್ ಶೆಲಿಂಗ್ 1971ರಲ್ಲಿ ತೋರಿಸಿದ್ದು ಇದರ ತಾಯಿಬೇರು. ನೆರೆಯಲ್ಲಿ ನಮ್ಮವರು ಸ್ವಲ್ಪ ಇರಲಿ ಎಂಬ ಸಣ್ಣ ಆಸೆ ಒಬ್ಬೊಬ್ಬರಿಗೆ ಇದ್ದರೂ ಸಾಕು, ಇಡೀ ಊರು ಎರಡಾಗಿ ಒಡೆದುಹೋಗಬಹುದು. ಈಗ ನೆಟ್‌ಲೋಗೋದಂಥ ಉಚಿತ ಸಾಫ್ಟ್‌ವೇರ್‌ನಲ್ಲಿ ನೂರು ಮನೆ, ನೂರು ಬೋಟು ಮಾಡಿ ಆಡಿಸಬಹುದು. ಸಣ್ಣ ನಡವಳಿಕೆಯಿಂದ ದೊಡ್ಡ ಚಿತ್ರ ಹೇಗೆ ಬರುತ್ತದೆ ಎಂಬ ಪ್ರಶ್ನೆ ನಿಮ್ಮದಾದರೆ ಇದಕ್ಕೆ ಸಾಟಿ ಇಲ್ಲ. ನಿಷೇಧ 61 ದಿನದಿಂದ 90 ದಿನಕ್ಕೆ ಹೋದರೆ ಚೀಟಿ ಉಳಿಯುತ್ತದಾ ಎಂದು ನೋಡಬಹುದು. ತೊಂದರೆ ಎಂದರೆ, ಗುಂಡಿ ತಿರುಗಿಸಿದರೆ ಬೇಕಾದ ಉತ್ತರ ಬರುತ್ತದೆ. ಎಷ್ಟು ಜನ ನಾಚುತ್ತಾರೆ, ಎಷ್ಟು ದಿನ ಕಾಯುತ್ತಾರೆ ಎಂಬ ಅಂಕಿ ಎಲ್ಲಿಂದ ತಂದಿರಿ? ಊಹೆಯಿಂದಾದರೆ ಆ ಊರು ನಿಮ್ಮ ತಲೆಯೊಳಗಿನದ್ದು. ನಾಲ್ಕು ತಿಂಗಳ ಪ್ರಾಜೆಕ್ಟಿಗೆ, ಪ್ರೋಗ್ರಾಮಿಂಗ್ ಬಾರದವರಿಗೆ, ನಾನು ಬೇಡ ಎನ್ನುತ್ತೇನೆ.

ಜಗಲಿಯಲ್ಲಿ ಕೂರುವುದು

ಎಲಿನಾರ್ ಆಸ್ಟ್ರಮ್ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ. ಓದಿದ್ದು ರಾಜ್ಯಶಾಸ್ತ್ರ. ಎಲ್ಲರಿಗೂ ಸೇರಿದ ಹುಲ್ಲುಗಾವಲು, ಕಡಲು, ನೀರು ಹಾಳಾಗಿಯೇ ಹೋಗುತ್ತದೆ ಎಂದು ಜೀವಶಾಸ್ತ್ರಜ್ಞ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಬರೆದದ್ದನ್ನು ಬಹಳ ಜನ ಒಪ್ಪಿಕೊಂಡಿದ್ದರು. ಆಸ್ಟ್ರಮ್ ಹಾಳಾಗದೆ ಉಳಿದ ಜಾಗಗಳನ್ನು ಹುಡುಕಿ ಒಂದೊಂದಾಗಿ ನೋಡಿದರು. ಹೇಗೆ ಉಳಿಯಿತು ಎಂದು ಕೇಳಿದರು.

ಅವರು ಹೇಳಿದ ಒಂದು ಜಾಗ ಟರ್ಕಿಯ ಅಲಾನ್ಯಾ. ಅಲ್ಲಿನ ಮೀನುಗಾರರು ಪ್ರತಿ ಸೆಪ್ಟೆಂಬರಿನಲ್ಲಿ ಮೀನು ಹಿಡಿಯುವ ಜಾಗಗಳ ಹೆಸರು ಬರೆದು ಚೀಟಿ ಎತ್ತುತ್ತಿದ್ದರು. ತನಗೆ ಬಂದ ಜಾಗದಲ್ಲಿ ಮೊದಲ ದಿನ. ಜನವರಿವರೆಗೆ ದಿನಾ ಒಂದೊಂದು ಜಾಗ ಪೂರ್ವಕ್ಕೆ ಸರಿಯುತ್ತಿದ್ದರು, ಆಮೇಲೆ ಪಶ್ಚಿಮಕ್ಕೆ. ಒಳ್ಳೆಯ ಜಾಗ ಎಲ್ಲರಿಗೂ ಒಂದು ದಿನ ಬರುತ್ತದೆ. ಕಾವಲು ಬೇಡ. ಇವತ್ತು ನನ್ನದಾದ ಜಾಗಕ್ಕೆ ಬೇರೆಯವನು ಬಂದರೆ ಅಲ್ಲೇ ಇರುವ ನನಗೇ ಗೊತ್ತಾಗುತ್ತದೆ.

ಮಲ್ಪೆಯ ಮಕ್ಕಳಿಗೆ ಇದನ್ನು ಹೇಳಿದರೆ ಅವರಿಗೆ ಮನೆಯ ಹಿರಿಯರು ಹೇಳಿದ ರಂಪಣಿಯ ನೆನಪು ಬರುತ್ತದೆ. ದಡದಿಂದ ಬಲೆ ಬಿಟ್ಟು ಊರವರೆಲ್ಲ ಸೇರಿ ಎಳೆದು ಪಾಲು ಹಂಚಿಕೊಳ್ಳುತ್ತಿದ್ದ ಕಾಲ. 1970ರ ದಶಕದಲ್ಲಿ ಮೀನಿನ ಹಿಂಡಿಗೇ ಬಲೆ ಸುತ್ತುವ ಪರ್ಸೀನ್ ಬೋಟು ಬಂದ ಮೇಲೆ ಆ ಕಟ್ಟು ಸಡಿಲವಾಯಿತು. ಅಂಥ ಕಟ್ಟು ಹೇಗೆ ಮುರಿಯಿತು ಎಂದು ತಿಳಿಯಲು ಕೂತು ಕೇಳುವುದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಎಳೆದವರಲ್ಲಿ ಕೆಲವರು ಇನ್ನೂ ಇದ್ದಾರೆ. ಬೇಗ ಹೋಗಿ.

ಕ್ಷೇತ್ರಕಾರ್ಯದ ಮಿತಿಯೂ ಉಂಟು. ಒಂದು ಓಣಿಯಲ್ಲಿ ಕಂಡದ್ದು ಪಕ್ಕದ ಓಣಿಗೆ ಹೊಂದುತ್ತದೆ ಎಂದು ಹೇಳಲಾಗದು. ಜನ ನಮಗೆ ಹೇಳುವುದು ಹೆಚ್ಚಾಗಿ ಕಟ್ಟು ಹೇಗಿರಬೇಕು ಎಂಬುದನ್ನು. ಅದು ಹೇಗೆ ನಡೆಯುತ್ತದೆ ಎಂಬುದು ಮೂರನೇ ನಾಲ್ಕನೇ ಭೇಟಿಯಲ್ಲಿ ಬಾಯಿಗೆ ಬರುತ್ತದೆ. ಕೈಕೊಟ್ಟವರ ಕಥೆಯನ್ನಂತೂ ಬೇಗ ಬಿಡುವುದಿಲ್ಲ. ಕಟ್ಟು ಮುರಿದ ಚೀಟಿಗಳನ್ನೂ ಹುಡುಕಿ ಹೋಗಬೇಕು. ಉಳಿದದ್ದನ್ನು ಮಾತ್ರ ನೋಡಿದರೆ ಎಲ್ಲವೂ ಉಳಿಯುತ್ತದೆ ಅನ್ನಿಸಿಬಿಡುತ್ತದೆ.

ಹಾಗಾದರೆ ಯಾವುದು?

ಮಕ್ಕಳಿಗೆ ನಾನು ಕೇಳುವ ಪ್ರಶ್ನೆ ಒಂದು. ಈ ಕಟ್ಟು ತಪ್ಪಿದರೆ ಮೊದಲು ಯಾರಿಗೆ ಗೊತ್ತಾಗುತ್ತದೆ?

ರಿಜಿಸ್ಟ್ರಾರ್ ಕಚೇರಿಗೆ ಅಥವಾ ಕೋರ್ಟಿಗೆ ಎಂದಾದರೆ ನಿಯಮದ ಮಾಡೆಲ್ ಸಾಕು. ಪಕ್ಕದ ಮನೆಯವರಿಗೆ ಎಂದಾದರೆ ಆಟದ ಮಾಡೆಲ್, ಜೊತೆಗೆ ಜಗಲಿ. ಇವತ್ತು ಯಾರಿಗೂ ಗೊತ್ತಾಗುವುದಿಲ್ಲ, ಆದರೆ ಪರಿಣಾಮ ಉಳಿದಿದೆ ಎಂದಾದರೆ, ಭೂಕಂದಾಯದ ಹಾಗೆ, ಅಂಕಿಅಂಶ ಮತ್ತು ಇತಿಹಾಸ. ಬೋಟಿನ ಪಾಲಿಗೆ ಎರಡು ಬೇಕಾಗುತ್ತದೆ. ಪಾಲು ಎಂತಕ್ಕೆ ಎಂಬುದಕ್ಕೆ ನಿಯಮದ ಮಾಡೆಲ್. ತಾಂಡೇಲನ ಮಾತಿನ ಮೇಲೆ ಜನ ಹೇಗೆ ಸೇರುತ್ತಾರೆ ಎಂಬುದಕ್ಕೆ ಆಟದ್ದು.

ಅಳಿಯಕಟ್ಟು ಎಲ್ಲಕ್ಕಿಂತ ಕಷ್ಟದ್ದು. ಆಸ್ತಿ ತಾಯಿಯ ಕಡೆಯಿಂದ ಇಳಿಯುವ ಪದ್ಧತಿ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕುಟುಂಬದ ಆಸ್ತಿ ಪಾಲಾಗಲು ದಾರಿ ಮಾಡಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಉಳಿದದ್ದನ್ನು ಬದಲಿಸಿತು. ನಿಯಮದ ಮಾಡೆಲ್ ಹಿಡಿದರೆ ಕಥೆ ಅಲ್ಲಿಗೆ ಮುಗಿಯಬೇಕು. ಮುಗಿಯಲಿಲ್ಲ. ಬರಿ (ತುಳುನಾಡಿನ ಕುಲದ ಹೆಸರು) ಇವತ್ತೂ ತಾಯಿಯಿಂದಲೇ ಬರುತ್ತದೆ. ಕುಟುಂಬದ ಮೂಲಮನೆಯಾದ ತರವಾಡು ಮನೆಯ ದೈವದ ಕೆಲಸಕ್ಕೆ ಮುಂಬೈಯಿಂದ, ದುಬೈಯಿಂದ ಮಕ್ಕಳು ತಾಯಿಯ ಮನೆಗೇ ಬರುತ್ತಾರೆ, ಖರ್ಚು ಹಾಕುತ್ತಾರೆ. ಆಸ್ತಿಯ ಕಟ್ಟು ಹೋಗಿ ನಂಟಿನ ಕಟ್ಟು ಉಳಿದಿದೆ. ಗಂಡ ಹೆಂಡತಿ ಮಕ್ಕಳು ಒಂದು ಕುಟುಂಬ, ಅವರಿಗೆ ಒಂದೇ ಜೇಬು ಎಂದು ಬರೆಯುವ ಮಾಡೆಲ್ ಇಲ್ಲಿ ಮೊದಲ ಸಾಲಿನಲ್ಲೇ ಎಡವುತ್ತದೆ. ಅಣ್ಣ ತನ್ನ ತಂಗಿಯ ಮಗನ ಕಾಲೇಜು ಫೀಸು ಕಟ್ಟುವುದನ್ನು ಅದು ದಾನ ಎಂದು ಬರೆದುಕೊಳ್ಳುತ್ತದೆ. ಈ ವಿಷಯ ಬೇಕು ಎಂದು ಬಂದವರಿಗೆ ನಾನು ಹೇಳುವುದು ಇಷ್ಟು: ಮೊದಲು ಹತ್ತು ಮನೆಗಳ ಹತ್ತು ವರ್ಷದ ದೊಡ್ಡ ಖರ್ಚುಗಳನ್ನು ಯಾರು ಕಟ್ಟಿದರು ಎಂದು ಬರೆದುಕೊಂಡು ಬನ್ನಿ. ಆ ಪಟ್ಟಿ ಕೈಯಲ್ಲಿ ಇಟ್ಟುಕೊಂಡು ಮಾಡೆಲ್ಲಿನ ಮಾತು ಆಡೋಣ.

ಚೀಟಿ ಹಿಡಿದ ನಮ್ಮ ಹುಡುಗಿ ಈಗ ಎರಡು ಚೀಟಿಗಳನ್ನು ಹೋಲಿಸುತ್ತಿದ್ದಾಳೆ, ಒಂದು ನೋಂದಾಯಿತ ಕಂಪನಿಯದ್ದು, ಒಂದು ಅಕ್ಕನದ್ದು. ಮೊದಲನೆಯದಕ್ಕೆ ನಿಯಮದ ಮಾಡೆಲ್, ಎರಡನೆಯದಕ್ಕೆ ಆಟದ್ದು. ಎಕ್ಸೆಲ್ಲಿನಲ್ಲಿ ಖಾಲಿ ಚೌಕಕ್ಕೆ ಬಾಕಿ ಎಂದು ಹಾಕುತ್ತಿಲ್ಲ, ನಿಷೇಧದ ತಿಂಗಳು ಎಂದು ಬೇರೆ ಬಣ್ಣ ಕೊಟ್ಟಿದ್ದಾಳೆ. ನಿಷೇಧ ಇಷ್ಟು ಉದ್ದ ಇಲ್ಲದಿದ್ದ ಕಾಲದಲ್ಲಿ ಆ ಚೌಕಗಳು ಹೇಗಿದ್ದವು ಎಂದು ಅವಳಿಗೆ ನೋಡಬೇಕು. ಅಕ್ಕನ ಹಳೆಯ ನೋಟ್‌ಬುಕ್‌ಗಳು ಅಟ್ಟದ ಮೇಲೆ ಗೋಣಿಯಲ್ಲಿ ಇವೆಯಂತೆ. ಬರುವ 5ನೇ ತಾರೀಕಿಗೆ ಇಳಿಸಿ, ಧೂಳು ಒರೆಸಿ ಇಡುತ್ತೇನೆ ಎಂದಿದ್ದಾರೆ.